ಹಾಲಿನ ಪರೀಕ್ಷೆಯ ಫಲಿತಾಂಶ ನಮಗೂ ಕಾಣಲಿ: ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ಪತ್ರ ಉದ್ದವಾಗಬಹುದು, ಆದರೆ ಕೇಳುತ್ತಿರುವುದು ಒಂದೇ ವಿಷಯ. ನಿಮ್ಮ ಇಲಾಖೆಯವರು ರಾಜ್ಯದ ಬೇರೆ ಬೇರೆ ಕಡೆ ಹಾಲು, ಮೊಸರು, ತುಪ್ಪ, ಪನೀರ್, ಖೋವಾದ ಸ್ಯಾಂಪಲ್ ತೆಗೆಯುತ್ತಾರೆ. ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಏನು ಬಂತು ಅನ್ನೋದನ್ನು ಬ್ರ್ಯಾಂಡಿನ ಹೆಸರು, ಊರು, ತಾರೀಖಿನ ಸಮೇತ ಜನರ ಮುಂದೆ ಇಡಿ. ಫೇಲಾದದ್ದನ್ನೂ ಇಡಿ, ಪಾಸಾದದ್ದನ್ನೂ ಇಡಿ. ಪ್ರತಿ ತಿಂಗಳು ಇಡಿ, ಕನ್ನಡದಲ್ಲಿ ಇಡಿ. ಅಷ್ಟೇ.

ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮದು ಡೈರಿಗೆ ಹಾಲು ಹಾಕುವ ಮನೆ. ಊರಲ್ಲಿ ಅಮ್ಮ ಎರಡು ಹಸು ಕಟ್ಟಿದ್ದಾರೆ, ನಾನು ಬೆಂಗಳೂರಿನಲ್ಲಿ ಪ್ಯಾಕೆಟ್ ಹಾಲು ಕೊಂಡು ಕುಡಿಯುತ್ತೇನೆ. ಹಾಗಾಗಿ ಹಾಲಿನ ಎರಡೂ ತುದಿ ನನಗೆ ಗೊತ್ತು. ಈ ಎರಡು ತುದಿಯಲ್ಲಿ ಪರೀಕ್ಷೆ ನಡೆಯುವ ರೀತಿಗೆ ಅಜಗಜಾಂತರ.

ಊರಿನ ಡೈರಿಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ, ನಿಮಗೂ ಗೊತ್ತಿರುತ್ತದೆ, ಆದರೂ ಓದುವ ಬೇರೆಯವರಿಗಾಗಿ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಪರೀಕ್ಷಕರು ಕ್ಯಾನಿನ ಹಾಲು ಒಮ್ಮೆ ಕಲಕಿ, ಸಣ್ಣ ಲೋಟದಲ್ಲಿ ಸ್ಯಾಂಪಲ್ ತೆಗೆದು ಮಷೀನಿನ ಕೊಳವೆಗೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ ಎಷ್ಟು ಅಂತ ಅಂಕಿ ಬೀಳುತ್ತದೆ. ಅದರ ಮೇಲೆ ರೇಟು. ಎಸ್‌ಎನ್‌ಎಫ್ ಕಡಿಮೆ ಬಂದರೆ ದುಡ್ಡು ಕಡಿತ, ತೀರಾ ಕಡಿಮೆ ಬಂದರೆ ಹಾಲು ವಾಪಸ್. ಕೆಚ್ಚಲು ಬಾವು ಆದ ಹಸುವಿನ ಹಾಲು ತಂದರೆ ತಗೊಳ್ಳೋದಿಲ್ಲ, ಗಿಣ್ಣು ಹಾಲು ಬೆರೆಸಿ ತಂದರೆ ತಗೊಳ್ಳೋದಿಲ್ಲ. "ಅಕ್ಕಾ, ಇವತ್ತು ಡಿಗ್ರಿ ಬಂದಿಲ್ಲ" ಅಂತ, ಅಂದರೆ ಹಾಲು ತೆಳುವಾಗಿದೆ ಅಂತ, ಪರೀಕ್ಷಕರು ಹೇಳುವುದು ಸಾಲಿನಲ್ಲಿ ನಿಂತ ಎಲ್ಲರಿಗೂ ಕೇಳಿಸುತ್ತದೆ. ಯಾರ ಹಾಲು ವಾಪಸ್ ಹೋಯಿತು ಅನ್ನೋದು ತಿಂಡಿ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹಸಿ ಮೇವು ಇಲ್ಲದೆ ಹಾಲು ನೀರಾದರೂ ಸರಿ, ಉತ್ತರ ಕೊಡಬೇಕಾದವರು ಅಮ್ಮನೇ.

ಇದು ದಿನಕ್ಕೆ ಎರಡು ಸಲ. ರಾಜ್ಯದ ಲಕ್ಷಾಂತರ ರೈತರಿಗೆ ಇದೇ ನಿಯಮ. 2024ರ ಜೂನ್ ಕೊನೆಯಲ್ಲಿ ಕೆಎಂಎಫ್ ಒಂದೇ ದಿನ 1 ಕೋಟಿ ಲೀಟರ್ ಹಾಲು ಸಂಗ್ರಹ ಮಾಡಿತು, ಅಷ್ಟೂ ಹಾಲು ಹೀಗೆ ಹಳ್ಳಿಯ ಡೈರಿಗಳಲ್ಲಿ ಸುರಿದ ಹಾಲು. ನನಗೆ ಆ ಪದ್ಧತಿಯ ಬಗ್ಗೆ ದೂರಿಲ್ಲ. ಪರೀಕ್ಷೆ ಮಾಡಿ, ಅಲ್ಲೇ ಹೇಳಿ, ಚೀಟಿ ಕೊಡುತ್ತಾರೆ. ನ್ಯಾಯವಾಗಿಯೇ ಇದೆ.

ಇನ್ನು ಈ ತುದಿಗೆ ಬನ್ನಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕನಿಷ್ಠ 3.0 ಪರ್ಸೆಂಟ್ ಫ್ಯಾಟ್, 8.5 ಪರ್ಸೆಂಟ್ ಎಸ್‌ಎನ್‌ಎಫ್ ಇರಬೇಕು ಅಂತ ಕಾನೂನು ಹೇಳುತ್ತದೆ, ಪ್ಯಾಕೆಟ್ ಮೇಲೂ ಬರೆದಿರುತ್ತದೆ. ಬರೆದದ್ದು ನಿಜವೋ ಅಂತ ನಿಮ್ಮ ಅಧಿಕಾರಿಗಳು ಯಾವಾಗ ನೋಡಿದರು, ಯಾವ ಬ್ರ್ಯಾಂಡ್ ನೋಡಿದರು, ಎಷ್ಟು ಬಂತು? ಕೊಂಡುಕೊಳ್ಳುವವರಿಗೆ ಇದು ಗೊತ್ತಾಗುವ ದಾರಿ ಇಲ್ಲ. ಬಿಡಿ ಹಾಲಿನ ಕಥೆ ಇನ್ನೂ ಕಷ್ಟ. ದಿನಾ ಮನೆ ಬಾಗಿಲಿಗೆ ತಂದು ಕೊಡುವ ವರ್ತನೆ ಹಾಲು ಹಾಕಿಸಿಕೊಳ್ಳುವ ಮನೆಗಳು ಬೆಂಗಳೂರಿನಲ್ಲಿ ಈಗಲೂ ಬೇಕಾದಷ್ಟಿವೆ. ಹೋಟೆಲಿಗೆ ಬರುವ ಪನೀರಿಗೆ, ಸ್ವೀಟ್ ಅಂಗಡಿಯ ಖೋವಾಕ್ಕೆ ಎಷ್ಟೋ ಕಡೆ ಲೇಬಲ್ಲೇ ಇರುವುದಿಲ್ಲ.

ಫಲಿತಾಂಶ ಹೇಳದೆ ಇದ್ದರೆ ಏನಾಗುತ್ತದೆ? ಆ ಖಾಲಿ ಜಾಗಕ್ಕೆ ಗಾಳಿಸುದ್ದಿ ಬಂದು ಕೂರುತ್ತದೆ. "ದೇಶದ 68 ಪರ್ಸೆಂಟ್ ಹಾಲು ಕಲಬೆರಕೆ" ಅನ್ನುವ ಮೆಸೇಜ್ ಬರದ ವಾಟ್ಸಾಪ್ ಗ್ರೂಪ್ ಇಲ್ಲ. ಅದು ಹುಟ್ಟಿದ್ದು 2011ರ ಒಂದು ಸರ್ವೆಯಿಂದ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆಗ 1,791 ಸ್ಯಾಂಪಲ್ ತೆಗೆದಿತ್ತು, 68.4 ಪರ್ಸೆಂಟ್ ನಿಗದಿತ ಮಟ್ಟಕ್ಕೆ ಸರಿಹೊಂದಲಿಲ್ಲ. ಸರಿಹೊಂದದೆ ಇರೋದು ಬೇರೆ, ವಿಷ ಬೆರೆಸೋದು ಬೇರೆ. ಫ್ಯಾಟ್ ಸ್ವಲ್ಪ ಕಡಿಮೆ ಬಂದ ಹಾಲೂ ಆ ಲೆಕ್ಕದಲ್ಲಿತ್ತು, ನೀರು ಸೇರಿದ್ದೂ ಇತ್ತು, ಹಾಲಿನ ಪುಡಿ ಕಲಸಿದ್ದೂ ಇತ್ತು. ಆಮೇಲೆ ಇನ್ನೊಂದು ಬಂತು, ಕಲಬೆರಕೆ ಹಾಲಿನಿಂದ 2025ರ ಹೊತ್ತಿಗೆ 87 ಪರ್ಸೆಂಟ್ ಭಾರತೀಯರಿಗೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಅನ್ನುವ ಸುಳ್ಳು. ಅಂಥ ಸಲಹೆಯನ್ನೇ ಕೊಟ್ಟಿಲ್ಲ ಅಂತ ಆ ಸಂಸ್ಥೆ ಹೇಳಿತು. ಆದರೂ ಮೆಸೇಜ್ ಮಾತ್ರ ಇನ್ನೂ ಓಡಾಡುತ್ತಿದೆ. ಓದಿದವರೂ ನಂಬುತ್ತಾರೆ, ಮಕ್ಕಳಿಗೆ ಹಾಲು ಕೊಡೋದು ನಿಲ್ಲಿಸುತ್ತಾರೆ. ಇದರ ಪೆಟ್ಟು ಬೀಳುವುದು ಬೆಳಗಿನ ಜಾವ ಎದ್ದು ಹಾಲು ಕರೆಯುವವರಿಗೆ.

2018ರಲ್ಲಿ ಅದೇ ಎಫ್‌ಎಸ್‌ಎಸ್‌ಎಐ ಇನ್ನೂ ದೊಡ್ಡ ಸರ್ವೆ ಮಾಡಿಸಿತು. 1,103 ಊರು ಪಟ್ಟಣಗಳಿಂದ 6,432 ಸ್ಯಾಂಪಲ್. ಅದರಲ್ಲಿ ಕಲಬೆರಕೆಯಿಂದ ಅಪಾಯಕಾರಿ ಅಂತ ಕಂಡದ್ದು 12 ಮಾತ್ರ. ಆರು ಸಾವಿರ ಚಿಲ್ಲರೆಯಲ್ಲಿ ಹನ್ನೆರಡು. ಸುಮಾರು 93 ಪರ್ಸೆಂಟ್ ಹಾಲು ಸೇವಿಸಲು ಸುರಕ್ಷಿತ. ಗುಣಮಟ್ಟದಲ್ಲಿ, ಅಂದರೆ ಫ್ಯಾಟು ಎಸ್‌ಎನ್‌ಎಫ್‌ನಂಥ ಅಳತೆಯಲ್ಲಿ, ಕೊರತೆ ಇದ್ದದ್ದು ಸುಮಾರು 41 ಪರ್ಸೆಂಟ್. ಈ ಅಂಕಿ ಎಷ್ಟು ಜನರಿಗೆ ತಲುಪಿತು ಹೇಳಿ? 68 ಮತ್ತು 87 ಮಾತ್ರ ಎಲ್ಲರ ಬಾಯಲ್ಲೂ ಇದೆ.

ಆ ಸರ್ವೆ ಮತ್ತೊಂದು ಮಾತೂ ಹೇಳಿತು, ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಅದಕ್ಕೆ. 5.7 ಪರ್ಸೆಂಟ್ ಸ್ಯಾಂಪಲ್‌ಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಅನ್ನುವ ಬೂಷ್ಟಿನ ವಿಷ ಮಿತಿ ಮೀರಿತ್ತು, ಅದೂ ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲಿ ಜಾಸ್ತಿ. 1.2 ಪರ್ಸೆಂಟ್ ಸ್ಯಾಂಪಲ್‌ಗಳಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ಅಫ್ಲಾಟಾಕ್ಸಿನ್ ಹೆಚ್ಚು ಕಂಡ ರಾಜ್ಯಗಳಲ್ಲಿ ನಮ್ಮ ಅಕ್ಕಪಕ್ಕದ ತಮಿಳುನಾಡು, ಕೇರಳ ಎರಡೂ ಇದ್ದವು. ನಮ್ಮ ಹಸುವೂ ಅದೇ ಥರದ ಹಿಂಡಿ ತಿನ್ನುತ್ತದೆ.

ಇದನ್ನು ಯಾರೂ ಬೇಕಂತ ಬೆರೆಸುವುದಿಲ್ಲ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಜೋಳ ಇವೆಲ್ಲ ಸರಿಯಾಗಿ ಒಣಗದೆ, ಮಳೆಗಾಲದಲ್ಲಿ ಚೀಲದಲ್ಲೇ ಬೂಷ್ಟು ಹಿಡಿಯುತ್ತವೆ. ಆ ಬೂಷ್ಟಿನ ವಿಷ ಹಸುವಿನ ಹೊಟ್ಟೆಗೆ ಹೋಗಿ, ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಲಿವರಿಗೆ ಕೆಟ್ಟದ್ದು. ಹಾಲು ಕಾಯಿಸಿದರೂ ಹೋಗುವುದಿಲ್ಲ, ಪಾಶ್ಚರೀಕರಣ ಮಾಡಿದರೂ ಹೋಗುವುದಿಲ್ಲ. ಮನೆಯಲ್ಲಿ ಅಯೋಡಿನ್ ಹನಿ ಹಾಕಿ, ಬಾಟಲಿ ಕುಲುಕಿ ನೊರೆ ನೋಡಿ ಮಾಡುವ ಪರೀಕ್ಷೆಗಳಿವೆಯಲ್ಲ, ಅವುಗಳಿಂದ ಪಿಷ್ಟ, ಡಿಟರ್ಜೆಂಟ್ ಪತ್ತೆಯಾಗಬಹುದು, ಇದು ಆಗುವುದಿಲ್ಲ. ಊರಿನ ಡೈರಿಯ ಮಷೀನಿಗೂ ಕಾಣುವುದಿಲ್ಲ. ಮಿತಿ ಇರುವುದು ಕೇಜಿಗೆ 0.5 ಮೈಕ್ರೋಗ್ರಾಂ, ಅದನ್ನು ಹಿಡಿಯಲು ಅದಕ್ಕೆಂದೇ ಇರುವ ಕಿಟ್ ಇಲ್ಲವೇ ಲ್ಯಾಬ್ ಬೇಕು. ಅಂದರೆ ನಿಮ್ಮಂಥವರೇ ಮಾಡಬೇಕು. ನಮ್ಮಂಥವರ ಕೈಲಿ ಆಗದ ಕೆಲಸ.

ಆ್ಯಂಟಿಬಯಾಟಿಕ್ ವಿಷಯವೂ ಹಾಗೆಯೇ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದ ಮೇಲೆ ಔಷಧದ ಲೇಬಲ್ಲಿನಲ್ಲಿ ಬರೆದಷ್ಟು ದಿನ ಆ ಹಾಲು ಮಾರಬಾರದು. ಪರೀಕ್ಷೆ ಮಾಡಿ ಅವಧಿ ನಿಗದಿ ಮಾಡದ ಔಷಧವಾದರೆ ಕನಿಷ್ಠ 7 ದಿನ ಅಂತ ಔಷಧ ನಿಯಮದಲ್ಲೇ ಇದೆ. ಆದರೆ ಏಳು ದಿನದ ಹಾಲು ಚೆಲ್ಲಿದರೆ ಆ ವಾರದ ಖರ್ಚಿಗೆ ಏನು ಮಾಡಬೇಕು? ಎಷ್ಟೋ ಮನೆಗಳಿಗೆ ಈ ನಿಯಮ ಇದೆ ಅಂತಲೇ ಯಾರೂ ಹೇಳಿಲ್ಲ. ಆಹಾರ ಸುರಕ್ಷತಾ ಕಾನೂನು ರೈತರನ್ನು ಹೊಲ, ಕೊಟ್ಟಿಗೆಯ ಮಟ್ಟದಲ್ಲಿ ಹೊರಗಿಟ್ಟಿದೆ, ಅದು ಸರಿಯೇ, ರೈತರ ಮೇಲೆ ಕೇಸು ಹಾಕಿ ಅಂತ ನಾನು ಹೇಳುತ್ತಿಲ್ಲ. ಯಾವ ತಾಲ್ಲೂಕಿನ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಪದೇ ಪದೇ ಬರುತ್ತಿದೆ ಅನ್ನುವ ಪಟ್ಟಿ ಹೊರಗೆ ಬಂದರೆ ಪಶುವೈದ್ಯರು ಅಲ್ಲಿಗೆ ಹೋಗಬಹುದು, ಹಾಲು ಒಕ್ಕೂಟ ಹಿಂಡಿ ಸರಬರಾಜು ಮಾಡಿದವರನ್ನು ಹಿಡಿದು ಕೇಳಬಹುದು, ಅಮ್ಮನಂಥವರು ಮೂಟೆ ಬಿಚ್ಚಿದಾಗ ಬೂಷ್ಟಿನ ವಾಸನೆ ಬಂದರೆ ವಾಪಸ್ ಕೊಡಬಹುದು. ಫೈಲಿನಲ್ಲಿ ಕೂತ ಅಂಕಿಯಿಂದ ಇದ್ಯಾವುದೂ ಆಗುವುದಿಲ್ಲ.

ಬೇಕಂತಲೇ ಮೋಸ ಮಾಡುವವರು ಇಲ್ಲ ಅಂತ ಅಲ್ಲ. ಇದ್ದಾರೆ, ಅವರಿಗೆ ಹೆಚ್ಚು ಲಾಭ ತುಪ್ಪ, ಪನೀರ್, ಖೋವಾದಲ್ಲಿ. 2021ರ ಡಿಸೆಂಬರಿನಲ್ಲಿ ಮೈಸೂರಿನ ಹತ್ತಿರ ನಂದಿನಿ ಹೆಸರಿನಲ್ಲಿ ನಕಲಿ ತುಪ್ಪ ಮಾಡುವ ಜಾಗ ಸಿಕ್ಕಿಬಿತ್ತು. 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲೂ ನಕಲಿ ನಂದಿನಿ ತುಪ್ಪದ ಜಾಲವನ್ನು ಪೊಲೀಸರು ಹಿಡಿದರು. ಹಿಡಿದದ್ದು ಒಳ್ಳೆಯದು. ಆದರೆ ಹಿಡಿಯುವ ಮೊದಲು ಆ ತುಪ್ಪ ಯಾವ್ಯಾವ ಅಂಗಡಿಗೆ ಹೋಗಿತ್ತು, ಯಾವ ಬ್ಯಾಚ್ ನಂಬರ್ ಹಾಕಿದ್ದರು, ಮನೆಯಲ್ಲಿರುವ ಪ್ಯಾಕೆಟ್ ಅಸಲಿಯೋ ನಕಲಿಯೋ ಅಂತ ನೋಡಿಕೊಳ್ಳುವುದು ಹೇಗೆ ಅನ್ನೋದನ್ನು ಪ್ರತಿಯೊಬ್ಬರಿಗೂ ತಲುಪಿಸಬೇಕಿತ್ತು, ಯಾಕಂದರೆ ದೇವರ ದೀಪಕ್ಕೂ ಮಗುವಿನ ಅನ್ನಕ್ಕೂ ಹೋಗುವುದು ಅದೇ ತುಪ್ಪ.

ಪನೀರಿನದ್ದು ಬೇರೆ ಥರ. ಪನೀರ್ ಅಂದರೆ ಹಾಲಿನದ್ದೇ ಇರಬೇಕು, ನೀರಿನಂಶ 60 ಪರ್ಸೆಂಟ್ ಮೀರಬಾರದು, ಒಣ ಭಾಗದಲ್ಲಿ ಅರ್ಧದಷ್ಟಾದರೂ ಹಾಲಿನ ಕೊಬ್ಬು ಇರಬೇಕು ಅಂತ ನಿಯಮ. ಹಾಲಿನ ಕೊಬ್ಬಿನ ಬದಲು ಅಡುಗೆ ಎಣ್ಣೆ ಸೇರಿಸಿ ಮಾಡುವ ಪದಾರ್ಥಕ್ಕೆ 'ಅನಲಾಗ್' ಅನ್ನುತ್ತಾರೆ. ಹಾಗೆಂದು ಲೇಬಲ್ ಹಾಕಿ ಮಾರಿದರೆ ತಪ್ಪಿಲ್ಲ, ಪನೀರ್ ಅಂತ ಮಾರಿದರೆ ತಪ್ಪು. ಹೋಟೆಲಿನ ಬಟ್ಟಲಲ್ಲಿ ಗ್ರೇವಿ ಜೊತೆ ಬಂದ ತುಂಡಿಗೆ ಲೇಬಲ್ ಎಲ್ಲಿರುತ್ತದೆ? ನಮ್ಮ ಬಡಾವಣೆಯ ಒಂದು ಅಂಗಡಿಯಿಂದ ತಂದ ಪನೀರ್ ರಬ್ಬರಿನ ಥರ ಎಳೆಯುತ್ತಿತ್ತು, ಬಾಣಲೆಗೆ ಹಾಕಿದರೆ ಬರೀ ಎಣ್ಣೆ ಬಿಡುತ್ತಿತ್ತು. ದೂರು ಕೊಟ್ಟೆ. ಸ್ಯಾಂಪಲ್ ತೆಗೆದರು ಅಂತ ಕೇಳಿದೆ. ಏನು ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಅಂಗಡಿ ನಡೆಯುತ್ತಲೇ ಇದೆ. ಆ ಪನೀರ್ ಸರಿಯಿತ್ತು ಅಂತಲೇ ಬಂದಿರಬಹುದು, ಹಾಗಿದ್ದರೆ ನಾನು ಅವರ ಮೇಲೆ ಅನುಮಾನ ಇಟ್ಟುಕೊಂಡು ಓಡಾಡುವುದೂ ಅನ್ಯಾಯವೇ ಅಲ್ವಾ? ಫಲಿತಾಂಶ ಹೇಳಿದ್ದರೆ ಎರಡು ಕಡೆಯವರಿಗೂ ಒಳ್ಳೆಯದಿತ್ತು.

ಈಗ ಕಾನೂನಿನ ಮಾತು. 2006ರ ಆಹಾರ ಸುರಕ್ಷತಾ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಸ್ಯಾಂಪಲ್ ಕೈಸೇರಿದ 14 ದಿನದೊಳಗೆ ಫುಡ್ ಅನಲಿಸ್ಟ್, ಅಂದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಅಧಿಕಾರಿ, ವರದಿ ಕೊಡಬೇಕು. ಕಳಪೆ ಅಂತ ಬಂದರೆ 5 ಲಕ್ಷದವರೆಗೆ ದಂಡ ಹಾಕಬಹುದು, ಅದನ್ನು ತೀರ್ಮಾನ ಮಾಡುವುದು ಅಪರ ಜಿಲ್ಲಾಧಿಕಾರಿಗಳ ಮಟ್ಟದಲ್ಲಿ. ಇದಕ್ಕಿಂತ ಮುಖ್ಯವಾದದ್ದು 18ನೇ ಸೆಕ್ಷನ್. ಒಂದು ಆಹಾರದಿಂದ ಆರೋಗ್ಯಕ್ಕೆ ಅಪಾಯ ಇರಬಹುದು ಅನ್ನುವುದಕ್ಕೆ ತಕ್ಕ ಕಾರಣ ಇದ್ದರೆ, ಅದು ಯಾವ ಆಹಾರ, ಏನು ಅಪಾಯ, ಏನು ಕ್ರಮ ತಗೊಂಡಿದ್ದೀರಿ ಅಂತ ಸಾರ್ವಜನಿಕರಿಗೆ ತಿಳಿಸಲು ಕ್ರಮ ತಗೋಬೇಕು ಅಂತ ಅದು ಹೇಳುತ್ತದೆ. ಹೇಳುವುದು ಆಹಾರ ಸುರಕ್ಷತಾ ಆಯುಕ್ತರಿಗೆ, ಅಂದರೆ ನಿಮಗೇ. ಸುಪ್ರೀಂ ಕೋರ್ಟ್ ಕೂಡ 2016ರ ಆಗಸ್ಟ್ 5ರಂದು ಹಾಲಿನ ಕಲಬೆರಕೆ ಕೇಸಿನಲ್ಲಿ ರಾಜ್ಯಗಳಿಗೆ ವಿವರವಾಗಿಯೇ ಹೇಳಿತು. ಕಲಬೆರಕೆ ಹೆಚ್ಚಾಗುವ ಜಾಗ, ಹಬ್ಬದಂಥ ಸಮಯ ಗುರುತಿಸಿ ಅಲ್ಲಿ ಹೆಚ್ಚು ಸ್ಯಾಂಪಲ್ ತೆಗೆಯಿರಿ, ಲ್ಯಾಬ್ ಸರಿಮಾಡಿ, ಸಂಚಾರಿ ಲ್ಯಾಬ್ ಇಡಿ, ದೂರು ಕೊಡುವ ದಾರಿ ವೆಬ್‌ಸೈಟಿನಲ್ಲಿ ತಿಳಿಸಿ ಅಂತ. ಹಾಗಾಗಿ ನಾನು ಹೊಸ ಕಾನೂನು ಕೇಳುತ್ತಿಲ್ಲ. ಇರುವುದನ್ನೇ ಪೂರ್ತಿ ನಡೆಸಿ ಅಂತ ಕೇಳುತ್ತಿದ್ದೇನೆ.

ಪರೀಕ್ಷೆ ಎಲ್ಲಿ, ಯಾವಾಗ ಅನ್ನೋದೂ ಮುಖ್ಯ. 2023ರ ಜನವರಿಯಲ್ಲಿ ಕೇರಳದ ಆರ್ಯಂಕಾವು ಚೆಕ್‌ಪೋಸ್ಟಿನಲ್ಲಿ ತಮಿಳುನಾಡಿನಿಂದ ಬಂದ ಒಂದು ಟ್ಯಾಂಕರ್ ತಡೆದರು. 15 ಸಾವಿರ ಲೀಟರಿಗೂ ಹೆಚ್ಚು ಹಾಲು. ಅಲ್ಲಿನ ಹೈನುಗಾರಿಕೆ ಇಲಾಖೆಯ ಪರೀಕ್ಷೆಯಲ್ಲಿ, ಹಾಲು ಬೇಗ ಕೆಡದಂತೆ ಬೆರೆಸುವ ಹೈಡ್ರೋಜನ್ ಪೆರಾಕ್ಸೈಡ್ ಬಂತು. ಆಮೇಲೆ ಆಹಾರ ಸುರಕ್ಷತಾ ಇಲಾಖೆ ತನ್ನ ಸ್ಯಾಂಪಲ್ ನೋಡಿದರೆ ಬರಲಿಲ್ಲ. ಎರಡೂ ಸರ್ಕಾರಿ ಇಲಾಖೆಗಳೇ, ಒಬ್ಬರು ಇದೆ ಅಂದರು, ಇನ್ನೊಬ್ಬರು ಇಲ್ಲ ಅಂದರು. ಈ ಪೆರಾಕ್ಸೈಡ್ ಹಾಲಿನಲ್ಲಿ ತಾನಾಗಿಯೇ ಒಡೆದು ಹೋಗುವಂಥದ್ದು, ಹೊತ್ತು ಕಳೆದಷ್ಟೂ ಸಿಗುವುದು ಕಷ್ಟ. ನಮ್ಮಲ್ಲೂ ಹೊರರಾಜ್ಯದ ಹಾಲು ಟ್ಯಾಂಕರಿನಲ್ಲಿ ಬರುತ್ತದೆ, ಅತ್ತಿಬೆಲೆಯಂಥ ಗಡಿಯಲ್ಲಿ ಅಲ್ಲೇ ಆ ಕ್ಷಣಕ್ಕೆ ಪರೀಕ್ಷೆ ಮಾಡಿ ಬರೆದುಕೊಳ್ಳುವ ವ್ಯವಸ್ಥೆ ವರ್ಷವಿಡೀ ಇರಬೇಕು. ಸ್ಯಾಂಪಲ್ ಕೆಡದಂತೆ ಫಾರ್ಮಲಿನ್ ಹನಿ ಹಾಕುವ ಪದ್ಧತಿ ನಿಯಮದಲ್ಲಿದೆ, ಫ್ಯಾಟು ಎಸ್‌ಎನ್‌ಎಫ್ ನೋಡಲು ಅದು ಸಾಕು. ಆದರೆ ಫಾರ್ಮಲಿನ್ ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಸತ್ತೇ ಹೋಗಿರುತ್ತದೆ, ಎಣಿಸಿದರೆ ಏನು ಸಿಗುತ್ತದೆ? ಅದಕ್ಕೆ ಬೇರೆ ಸ್ಯಾಂಪಲ್ ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ಲ್ಯಾಬಿಗೆ ಮುಟ್ಟಬೇಕು. ಯಾವ ಪರೀಕ್ಷೆ ಮಾಡಿದಿರಿ, ಯಾವುದನ್ನು ಮಾಡಿಲ್ಲ ಅನ್ನುವುದೂ ಪಟ್ಟಿಯಲ್ಲಿ ಇರಲಿ. ಫ್ಯಾಟ್ ನೋಡಿ ಪಾಸ್ ಅಂತ ಬರೆದ ಹಾಲಿನಲ್ಲಿ ಅಫ್ಲಾಟಾಕ್ಸಿನ್ ನೋಡಿಯೇ ಇಲ್ಲದಿದ್ದರೆ ಆ 'ಪಾಸ್' ಅರ್ಧ ಮಾತು.

ಹೆಸರು ಹಾಕಿದರೆ ವ್ಯಾಪಾರಕ್ಕೆ ಪೆಟ್ಟು, ಮಾನನಷ್ಟ ಕೇಸು ಅಂತ ನಿಮಗೆ ಯಾರಾದರೂ ಹೇಳಬಹುದು. ಆ ಚಿಂತೆ ಸುಳ್ಳಲ್ಲ. ಲ್ಯಾಬ್ ವರದಿಯ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕು ಅಂಗಡಿಯವರಿಗೆ, ಕಂಪನಿಯವರಿಗೆ ಇದೆ, ಅದನ್ನು ಕಿತ್ತುಕೊಳ್ಳಬಾರದು. ಗುಣಮಟ್ಟದ ಕೊರತೆ ಆದರೆ ಆ 30 ದಿನ ಕಾಯಿರಿ, ಮೇಲ್ಮನವಿ ಹಾಕಿದ್ದರೆ 'ಮೇಲ್ಮನವಿ ಬಾಕಿ' ಅಂತ ಬರೆಯಿರಿ, ಗೆದ್ದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಅಪಾಯಕಾರಿ ಅಂತ ಬಂದರೆ ಮಾತ್ರ ಕಾಯಬೇಡಿ. ತಿಂಗಳು ಕಳೆದ ಮೇಲೆ ಗೊತ್ತಾದರೆ ಆ ಹಾಲು ಕುಡಿದು ಮುಗಿದಿರುತ್ತದೆ.

ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ, ಈ ರಾಜ್ಯದಲ್ಲೇ ಆಗಿದೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣದ ವಿಷಯ ಬಂದಾಗ, ಗೋಬಿಯ 171 ಸ್ಯಾಂಪಲ್‌ನಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ ಅಂತ ಆರೋಗ್ಯ ಸಚಿವರೇ ಅಂಕಿ ಸಮೇತ ಹೇಳಿದರು. ಕೃತಕ ಬಣ್ಣ ನಿಷೇಧ ಆಯಿತು. ಮರುದಿನದಿಂದಲೇ ಗಾಡಿಗಳ ಮುಂದೆ ಜನ "ಬಣ್ಣ ಹಾಕಿಲ್ಲ ತಾನೇ?" ಅಂತ ಕೇಳಲು ಶುರು ಮಾಡಿದರು. ಅಂಕಿ ಹೇಳಿದ್ದಕ್ಕೆ ಜನ ಎಚ್ಚೆತ್ತರು. ಗೋಬಿ ವಾರಕ್ಕೊಮ್ಮೆ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ಹಾಲು ಇಲ್ಲದ ಮನೆ ಯಾವುದಿದೆ?

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರು ಯಾರು ಬೇಕಾದರೂ ಶುಲ್ಕ ಕಟ್ಟಿ, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಆ ಪದಾರ್ಥವನ್ನು ಫುಡ್ ಅನಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಬಹುದು. ತಪ್ಪು ಕಂಡರೆ ಕಟ್ಟಿದ ಶುಲ್ಕ ವಾಪಸ್. ಇದನ್ನು ಹೇಗೆ ಮಾಡುವುದು, ಎಲ್ಲಿ ಕೊಡುವುದು, ಎಷ್ಟು ಶುಲ್ಕ ಅನ್ನುವ ಒಂದು ಬೋರ್ಡ್ ಪ್ರತಿ ತಾಲ್ಲೂಕು ಕಚೇರಿ ಮುಂದೆ ಹಾಕಿಸಿದರೆ ದೊಡ್ಡ ಉಪಕಾರ, ಆಯುಕ್ತರೇ. ಮತ್ತೆ, ಗೊತ್ತಿಲ್ಲದ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಪ್ಯಾಕೆಟ್ ಮೇಲಿನ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ, ಅನುಮಾನ ಬಂದರೆ ಖಾಲಿ ಪ್ಯಾಕೆಟ್ ಎಸೆಯದೆ ಇಟ್ಟುಕೊಂಡು ದೂರು ಕೊಡಿ.

ಆಯುಕ್ತರೇ, ಎಲ್ಲ ಜಿಲ್ಲೆಯದ್ದೂ ಒಟ್ಟಿಗೆ ಮಾಡಲು ಸಿಬ್ಬಂದಿ ಸಾಲದಿದ್ದರೆ ಒಂದೆರಡು ಜಿಲ್ಲೆಯಿಂದ ಶುರು ಮಾಡಿ. ಸ್ಯಾಂಪಲ್ ತೆಗೆದ ದಿನ, ಜಾಗ, ಬ್ರ್ಯಾಂಡ್ ಅಥವಾ ಅಂಗಡಿ, ಬ್ಯಾಚ್, ಫ್ಯಾಟ್, ಎಸ್‌ಎನ್‌ಎಫ್, ಅಫ್ಲಾಟಾಕ್ಸಿನ್, ಆ್ಯಂಟಿಬಯಾಟಿಕ್, ಆಮೇಲೆ ತಗೊಂಡ ಕ್ರಮ. ಇಷ್ಟು ಕಾಲಂ ಸಾಕು. ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡಿಗೂ ಊರಿನ ಡೈರಿಗೂ ಒಂದೊಂದು ಪ್ರತಿ ಹೋಗಲಿ. ಹಬ್ಬಕ್ಕೆ ಖೋವಾ, ತುಪ್ಪ ಕೊಳ್ಳುವವರಿಗೆ ಉಪಯೋಗಕ್ಕೆ ಬರುವಂತೆ ಮೊದಲ ಪಟ್ಟಿಯನ್ನು ಗೌರಿ ಗಣೇಶಕ್ಕಿಂತ ಮುಂಚೆ ಹಾಕಿಸಿ. ಆಗುತ್ತದೋ ಇಲ್ಲವೋ, ಇಲ್ಲ ಅಂದರೆ ಯಾಕೆ ಆಗುವುದಿಲ್ಲ ಅಂತ ನಿಮ್ಮ ಉತ್ತರವನ್ನೂ ಹೀಗೆಯೇ ಎಲ್ಲರೂ ಓದುವಂತೆ ಕೊಡಬೇಕು ಅಂತ ಕೋರುತ್ತೇನೆ.

ಇಂತಿ,
ಡೈರಿಗೆ ಹಾಲು ಹಾಕುವ ಮನೆಯಿಂದ ಬಂದ ಬೆಂಗಳೂರಿನ ಒಬ್ಬ ಗ್ರಾಹಕಿ